ದಾಟುಪೆಟ್ಟಿಗೆಯಿಂದ ಬಂದ ಅಮ್ಮ

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಆ ಹೆಂಗಸಿಗೆ ಕೈಗಿಂತ ಬಾಯಿ ಚುರುಕು. ಬೀದಿಯವರಿಗೆ ಅವಳು ಟೈಲರಮ್ಮ. ಎದುರಿಗಿದ್ದವರ ವಾದವನ್ನು ಚುಚ್ಚಿ ಚುಚ್ಚಿ ತೂತು ಮಾಡುತ್ತಾಳೆಂದು ಅವಳಿದ್ದ ಓದುಗರ ಬಳಗ ಇಟ್ಟ ಹೆಸರು ಸೂಜಿ. ಬಳಗವೆಂದರೆ ಟೀವಿಯ ಒಂದು ಅಂತರಿಕ್ಷ ಧಾರಾವಾಹಿಯ ಹುಚ್ಚು ಹಿಡಿದವರು. ಧಾರಾವಾಹಿ ನಿಂತು ಎಷ್ಟೋ ಕಾಲವಾಗಿತ್ತು. ಆದರೆ ಅದೇ ನೌಕೆ, ಅದೇ ಪಾತ್ರಗಳನ್ನಿಟ್ಟುಕೊಂಡು ದಪ್ಪ ದಪ್ಪ ಕಾದಂಬರಿಗಳು ಬರುತ್ತಲೇ ಇದ್ದವು. ಟೀವಿಯಲ್ಲಿ ನಗುನಗುತ್ತಾ ಗ್ರಹ ಸುತ್ತಿದವರು ಪುಸ್ತಕದಲ್ಲಿ ಒಬ್ಬರನ್ನೊಬ್ಬರು ಬಲಿ ಕೊಡುತ್ತಿದ್ದರು. ಅದನ್ನೋದಿ ಇವರು ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿಕೊಂಡು ಕಿತ್ತಾಡುವುದು. ಹೊಲಿಯುವವಳಿಗೆ ಕಣ್ಣು ಕೈಗೆ ಬಿಡುವಿಲ್ಲದಿದ್ದರೂ ಕಿವಿ ಖಾಲಿ ತಾನೇ? ಫೋನನ್ನು ಮಿಷಿನ್ನಿಗೆ ಒರಗಿಸಿ, ಜೋರಾಗಿ ಹಾಕಿಕೊಂಡು, ಕಾಲರ್ ಹೊಲಿಯುತ್ತಲೇ ಉತ್ತರ ಕೊಡುತ್ತಿದ್ದಳು.

ಆ ಸಲದ ಜಗಳ ದಾಟುಪೆಟ್ಟಿಗೆಯದು. ನೌಕೆಯವರು ಅದರೊಳಗೆ ಕಾಲಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಗ್ರಹದಲ್ಲಿ ಇಳಿಯುತ್ತಿದ್ದರು. ಹೊಸ ಕಾದಂಬರಿಯಲ್ಲಿ ಗುಟ್ಟು ಹೊರಬಿದ್ದಿತ್ತು: ಪೆಟ್ಟಿಗೆ ಯಾರನ್ನೂ ದಾಟಿಸುವುದೇ ಇಲ್ಲ. ಒಳಗೆ ಹೋದವರನ್ನು ಸುಟ್ಟುಬಿಡುತ್ತದೆ, ಅಲ್ಲಿ ಥೇಟ್ ಅವರಂತೆಯೇ ಇರುವ ಇನ್ನೊಬ್ಬರನ್ನು ಮಾಡಿ ನಿಲ್ಲಿಸುತ್ತದೆ.

"ಸತ್ತವನು ಸತ್ತ, ಬಂದವನು ಬೇರೆ," ಅಂದರು ಬಳಗದ ಗಣಿತದ ಮೇಷ್ಟ್ರು. "ಪಾಪ, ಹೆಂಡತಿಗೆ ಗಂಡ ಸತ್ತಿದ್ದೂ ಗೊತ್ತಿಲ್ಲ."

"ಅಯ್ಯೋ ಬಿಡಿ ಮೇಷ್ಟ್ರೇ! ಬಂದವನಿಗೆ ಹೆಂಡತಿ ನೆನಪಿದೆ, ಮಕ್ಕಳು ನೆನಪಿದೆ, ಹಳೇ ಹಲ್ಲುನೋವೂ ನೆನಪಿದೆ. ಇನ್ನೇನು ಬೇಕು? ಇವನೇ ಅವನು," ಅಂದಳು ಸೂಜಿ. ಬಳಗವೆಲ್ಲ ಭೇಷ್ ಅಂದಿತು. ಗೋಡೆಗೂ ಕಿವಿಯಿದೆ ಅನ್ನುವ ಜನ ಮೇಜಿನ ಕೆಳಗೆ ಬಗ್ಗಿ ನೋಡುವುದಿಲ್ಲ ನೋಡಿ. ಬಟ್ಟೆ ಕತ್ತರಿಸುವ ಮೇಜಿನಡಿ ಕೂತು ಏಳು ವರ್ಷದ ಮಗಳು ಕಾಪಿ ಬರೆಯುತ್ತಿದ್ದಳು. ದುಂಡು ಮುಖದ ಆ ಮಗುವನ್ನು ಮನೆಯಲ್ಲಿ ಗುಂಡಿ ಅಂತ ಕರೆಯುತ್ತಿದ್ದರು.

ಅಷ್ಟರಲ್ಲಿ ಟೈಲರಮ್ಮನ ಹೊಟ್ಟೆಯಲ್ಲೊಂದು ಗಡ್ಡೆ ಸಿಕ್ಕಿತು. ಗುಂಡಿಯ ಅಪ್ಪ ಹೀಗೇ ಆಸ್ಪತ್ರೆಗೆ ಹೋದವನು ಮನೆಗೆ ಬಂದಿರಲಿಲ್ಲ. ಅವಳ ಜೀವ ಬಾಯಿಗೆ ಬಂದಿತ್ತು, ಆದರೂ ಮಗಳ ಮುಂದೆ ಹಲ್ಲು ಕಿರಿದಳು. "ದಾಟುಪೆಟ್ಟಿಗೆಗೆ ಹೋಗಿಬರ್ತೀನಿ ಕಣೇ. ಈ ಕಡೆಯಿಂದ ಹೋಗಿ ಆ ಕಡೆಯಿಂದ ಬರೋದಷ್ಟೇ." ತಮಾಷೆ ಮಾಡಲು ಅವಳಿಗೆ ಬೇರೆ ಮಾತೇ ಸಿಗಲಿಲ್ಲವೇ!

ಆಪರೇಷನ್ ಆಗಿ ವಾರದ ಮೇಲೆ ಗೋಡೆ ಹಿಡಿದುಕೊಂಡು ಮನೆಯೊಳಗೆ ಬಂದರೆ ಮಗಳು, ತನ್ನನ್ನು ನೋಡಿಕೊಳ್ಳಲು ಬಂದಿದ್ದ ದೊಡ್ಡಮ್ಮನ ಹಿಂದೆ ಅವಿತಳು. ಕರೆದರೆ ಬರಲಿಲ್ಲ. ಕೈ ಚಾಚಿದರೆ ಚೀರಿದಳು.

"ನಂಗೆ ಮೊದಲನೇ ಹಲ್ಲು ಬಿದ್ದಾಗ ಎಲ್ಲಿಟ್ವಿ?" ಎಂದು ದೂರದಿಂದಲೇ ಕೇಳಿದಳು.

"ಮಿಷಿನ್ನಿನ ಬಾಬಿನ್ ಡಬ್ಬೀಲಿ."

ಮಗು ಇನ್ನೂ ಜೋರಾಗಿ ಅತ್ತಿತು. "ದೊಡ್ಡಮ್ಮಾ, ಇವಳಿಗೂ ಗೊತ್ತು! ಬಂದವಳಿಗೆ ಎಲ್ಲಾ ನೆನಪಿರುತ್ತೆ ಅಂತ ಅಮ್ಮಾನೇ ಹೇಳಿದ್ಳು."

ಅಮ್ಮ ಸೆರಗು ಸರಿಸಿ ಹೊಟ್ಟೆಯ ಗಾಯ ತೋರಿಸಿದಳು. ಟೈಲರಮ್ಮನ ಮಗಳಲ್ಲವೇ, ಕತ್ತು ಚಾಚಿ ಹೊಲಿಗೆಯನ್ನು ನೋಡಿದಳು. "ಇದು ಹೊಸಾ ಹೊಲಿಗೆ. ನಿನ್ನನ್ನ ಈಗ ತಾನೇ ಹೊಲಿದಿದ್ದಾರೆ."

"ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು," ಎಂದು ಟೈಲರಮ್ಮನ ಅಕ್ಕ ಹಣೆ ಚಚ್ಚಿಕೊಂಡಳು. "ಇನ್ನೂ ವಾದ ಮಾಡು, ಮಾಡು!"

ಟೈಲರಮ್ಮ ಮೇಷ್ಟ್ರಿಗೆ ಫೋನು ಮಾಡಿದಳು. "ನಾನೇ ನಾನು ಅಂತ ಮಗುವಿಗೆ ಹೇಳಿ ಮೇಷ್ಟ್ರೇ." ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನನ್ನ ವಾದ ಹಿಡಿದರೆ ನೀವು ಬೇರೆಯವರಾಗ್ತೀರಿ ಕಣಮ್ಮ. ನಿಮ್ಮ ವಾದ ಹಿಡಿದರೆ ನೀವಲ್ಲದಿದ್ರೂ ನಡೆಯುತ್ತೆ."

ಮಗು ಅವಳ ಕೈಯಿಂದ ತುತ್ತು ತಿನ್ನಲಿಲ್ಲ, ಪಕ್ಕದಲ್ಲಿ ಮಲಗಲಿಲ್ಲ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು, ಗಡ್ಡೆ ಪೂರ್ತಿ ಬಂದಿಲ್ಲ, ಮುಂದಿನ ತಿಂಗಳು ಇನ್ನೊಂದು ಸಲ ತೆಗೆಯಬೇಕು ಅಂದರು. ಅವಳಿಗೆ ಸಾಯುವ ಭಯ ಇದ್ದೇ ಇತ್ತು. ಈಗ ಅದಕ್ಕಿಂತ ದೊಡ್ಡದೊಂದು ಹೆದರಿಕೆ ಸೇರಿಕೊಂಡಿತು: ಈ ಸಲ ತಾನು ಬರದೇ ಹೋದರೆ, ಮಗಳು ಅಮ್ಮನನ್ನು ಒಮ್ಮೆಯೂ ಅಪ್ಪಿಕೊಳ್ಳದೆ ಕಳಿಸಿದಂತಾಗುತ್ತದೆ. ಹೋಗುವುದರೊಳಗೆ ಮಗಳು ತನ್ನ ಹತ್ತಿರ ಬರಬೇಕು, ಅಷ್ಟೇ ಬೇಕಿತ್ತು ಅವಳಿಗೆ.

ಮಾರನೆಯ ಮಧ್ಯಾಹ್ನ ಅವಳು ಸುಮ್ಮನೆ ಮಿಷಿನ್ ಮುಂದೆ ಕೂತಿದ್ದಳು. ಮೇಜಿನಡಿಯಿಂದ ಸಣ್ಣ ದನಿ ಬಂತು.

"ನಮ್ಮಮ್ಮ ಸುಟ್ಟುಹೋಗುವಾಗ ಯಾರನ್ನ ಕೂಗಿದ್ಳು?"

ಇಷ್ಟು ದಿನ ಈ ಮಗು ಹೆದರಿದ್ದಷ್ಟೇ ಅಲ್ಲ, ಸತ್ತೇಹೋದಳೆಂದುಕೊಂಡ ಅಮ್ಮನಿಗಾಗಿ ತಾನೊಂದೇ ಅಳುತ್ತಿತ್ತು. ಅವಳು ಮೇಜಿನಡಿಗೆ ಬಗ್ಗಿದಳು.

"ನಿನ್ನನ್ನೇ. ಗುಂಡೀ ಗುಂಡೀ ಅಂತ."

"ಸುಳ್ಳು. ನಮ್ಮಮ್ಮ ನಗ್ತಾ ಹೋದ್ಳು. ಅವಳಿಗೆ ಭಯ ಇರ್ಲಿಲ್ಲ."

"ಇತ್ತು ಕಣೇ. ನೀನು ಹೆದರ್ತೀಯ ಅಂತ ನಕ್ಕಿದ್ದು. ಹಲ್ಲು ಕಟಕಟ ಅಂತಿತ್ತು."

ಮಗು ಬಟ್ಟೆಚೂರುಗಳ ನಡುವಿನಿಂದ ತೆವಳಿಕೊಂಡು ಬಂದು ಅವಳ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿಯಿತು.

"ಆಯ್ತು, ನೀನೇ ಇರು. ಆದ್ರೆ ನೀನು ಮಾತ್ರ ಅಲ್ಲಿಗೆ ಹೋಗ್ಬೇಡ. ಹೋದ್ರೆ ಮೂರನೆಯವಳು ಬರ್ತಾಳೆ."

ಇಲ್ಲ, ಹೋಗಲ್ಲ ಅಂದುಬಿಡುವುದು ಎಷ್ಟು ಸುಲಭವಿತ್ತು! ಮಗಳು ಆಗಲೇ ಮಡಿಲಿಗೆ ಬಂದುಬಿಡುತ್ತಿದ್ದಳು.

"ಹೋಗ್ಬೇಕು, ಗುಂಡಿ. ಮುಂದಿನ ತಿಂಗಳು. ಮತ್ತೆ ಬರ್ತೀನೋ ಇಲ್ವೋ, ನಂಗೂ ಗೊತ್ತಿಲ್ಲ. ನಂಗೆ ತುಂಬಾ ಭಯ ಆಗ್ತಿದೆ."

ಎರಡು ಬೆರಳಲ್ಲಿದ್ದ ಅಂಚು ಈಗ ಮುಷ್ಟಿಗೆ ಬಂತು. ಮಗು ಮುಖವನ್ನು ಅವಳ ಮೊಣಕಾಲಿಗೆ ಒತ್ತಿಕೊಂಡಿತು.

"ಹಾಗಾದ್ರೆ ನಾನೂ ಬರ್ತೀನಿ. ಬಾಗಿಲ ಹತ್ರಾನೇ ಕೂತಿರ್ತೀನಿ. ನೀನು ಕೂಗಿದ್ರೆ ಓ ಅಂತೀನಿ."