ಟವಲಿನೊಳಗಿನ ಮರಗಪ್ಪೆ

ಕಪ್ಪೆ ಎಂದರೆ ನನಗೆ ಮೊದಲಿನಿಂದಲೂ ಹೇಸಿಗೆ. ಅದರಲ್ಲೂ ಕಾಡಂಚಿನ ಮರಗಪ್ಪೆ. ಇರುವುದು ಹೆಬ್ಬೆರಳ ಉಗುರಿನಷ್ಟು. ಮಳೆ ಹಿಡಿದರೆ ಪೊದೆಯಲ್ಲಿ ಕೂತು ಟಿಕ್ ಟಿಕ್ ಎಂದು ತಲೆ ತಿನ್ನುತ್ತದೆ. ಬೆರಳ ತುದಿಗಳಲ್ಲಿ ಗುಂಡಗಿನ ಅಂಟು ಮೆತ್ತೆ, ಕೂತಲ್ಲಿಂದ ಏಳುವುದಿಲ್ಲ. ಎಚ್.ಡಿ. ಕೋಟೆ ಕಡೆ ಇದನ್ನು ನೋಡಲೆಂದೇ ಟಾರ್ಚು, ಕ್ಯಾಮೆರಾ ಹಿಡಿದು ಜನ ಬರುತ್ತಾರಂತೆ. ಬರಲಿ. ಅವರು ದೂರದಿಂದ ಫೋಟೊ ತೆಗೆದುಕೊಂಡು ಹೋಗುವವರು. ನಾನು ಅದನ್ನು ಕೈಮೇಲೆ ಕೂರಿಸಿಕೊಂಡು ವ್ಯಾಪಾರ ಮಾಡಿದವನು.

ಆ ವರ್ಷ ನನ್ನ ಜೋಡೆತ್ತಿನಲ್ಲಿ ಒಂದು, ಹಾವು ಕಡಿದು ಸತ್ತಿತು. ಹೊಗೆಸೊಪ್ಪು ಮೊಣಕಾಲೆತ್ತರ ಬಂದಿತ್ತು, ಸಾಲಿನ ನಡುವೆ ಕಳೆಯೋ ಕಳೆ. ಅಲ್ಲಿಗೆ ಟ್ರ್ಯಾಕ್ಟರ್ ಇಳಿಸಿದರೆ ಗಿಡವೇ ಮುರಿಯುತ್ತದೆ. ಕುಂಟೆ ಹೊಡೆಯಲು ಎತ್ತೇ ಆಗಬೇಕು. ಉಳಿದ ಒಂಟಿ ಎತ್ತಿಗೆ ಹೊಂದುವ ಜೊತೆ ನಮ್ಮ ಕಂಪಲಾಪುರದ ಸುತ್ತ ಸಿಗಲಿಲ್ಲ. ಕೋಟೆಯ ಕಾಡಂಚಿನ ಹಳ್ಳಿಯಲ್ಲೊಂದು ಇದೆ ಎಂದು ತಿಳಿದು ಬೈಕ್ ಹತ್ತಿದೆ.

ದಾರಿಯುದ್ದಕ್ಕೂ ಮಳೆ. ನೆನೆದ ಟವಲನ್ನು ಹಿಂಡಿ, ಕೊಟ್ಟಿಗೆ ಪಕ್ಕದ ಸೀಬೆಗಿಡದ ಮೇಲೆ ಹರವಿ, ಎತ್ತು ನೋಡಲು ಹೋದೆ. ಹಲ್ಲು, ಗೊರಸು, ಸುಳಿ, ಎಲ್ಲಾ ಸರಿ. ಎತ್ತರವೂ ನಮ್ಮದಕ್ಕೆ ಹೇಳಿ ಮಾಡಿಸಿದಂತಿತ್ತು. ಮನಸ್ಸಿಗೆ ಬಂದದ್ದನ್ನು ಮುಖದಲ್ಲಿ ತೋರಿಸಿದರೆ ಕೆಟ್ಟಿರಿ, ನೆನಪಿಡಿ. "ಮುಂಗಾಲು ವಸಿ ಗಿಡ್ಡ" ಎಂದು ಮೂಗು ಮುರಿದೆ. ಜಗಲಿಯ ಮೇಲೆ ಮಿರ್ಲೆ ಕಡೆಯ ಇನ್ನೊಬ್ಬ ಗಿರಾಕಿ ಎಲೆಅಡಿಕೆ ಅಗಿಯುತ್ತ ನನ್ನನ್ನೇ ನೋಡುತ್ತಿದ್ದ.

ದನದ ವ್ಯಾಪಾರ ನಮ್ಮವರಲ್ಲಿ ಬಾಯಲ್ಲಿ ಆಗುವುದಿಲ್ಲ. ಟವಲಿನಡಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳಬೇಕು. ಒಂದು ಬೆರಳೆಂದರೆ ಒಂದು ಸಾವಿರ. ಪಕ್ಕದವನಿಗೆ ಗುಟ್ಟು ಸಿಗಬಾರದು. ಬೆಲೆ ಕುದುರುವ ಮುಂಚೆ ಕೈ ಹೊರಗೆಳೆದವನು ವ್ಯಾಪಾರ ಬಿಟ್ಟಂತೆ. ಮುಂದಿನವನು ಬಂದು ಕೈ ಕೊಡುತ್ತಾನೆ.

ಗಿಡದ ಮೇಲಿದ್ದ ಟವಲು ತಂದು ಇಬ್ಬರ ಕೈಮೇಲೆ ಹಾಕಿದೆ. ಎತ್ತಿನ ಯಜಮಾನ ಹಣ್ಣು ಹಣ್ಣು ಮುದುಕ. ಬೆರಳು ಮಾತ್ರ ಇಕ್ಕಳ. ನಾನು ಬೆರಳು ಹಿಡಿದೆ, ಬೆಲೆ ಸಾಲದೆಂದು ಅವನು ಕೊಡವಿದ. ಮತ್ತೆ ಹಿಡಿದೆ. ಆಗ ನನ್ನ ಮುಂಗೈ ಮೇಲೆ ತಣ್ಣಗೆ ಏನೋ ಇಳಿಯಿತು. ಒಂದು ಅಂಟು ಬೆರಳು ಊರಿತು, ಇನ್ನೊಂದು ಊರಿತು. ಹೊಟ್ಟೆಯ ಮೆತ್ತನೆ ಚರ್ಮ ಪುಳುಪುಳು ಬಡಿದುಕೊಳ್ಳುತ್ತಿತ್ತು. ಬೇರೇನೂ ಅಲ್ಲ, ಅದೇ. ಕೈ ಎಳೆದರೆ ಎತ್ತು ಮಿರ್ಲೆಗೆ ಹೊರಡುತ್ತದೆ. ಹಲ್ಲು ಕಚ್ಚಿದೆ. ಅಷ್ಟರಲ್ಲಿ ಆ ದರಿದ್ರ ಪ್ರಾಣಿ ಉಚ್ಚೆ ಹೊಯ್ಯಿತು. ಅದು ಬೆರಳ ಸಂದಿಯಲ್ಲಿ ಇಳಿದು ಮುದುಕನ ಅಂಗೈ ಸೇರಿತು.

"ಏನ್ ಸಾವ್ಕಾರ್ರೇ, ಕೈ ಇಂಗೆ ಬೆವರ್ತಾ ಅದೆ? ಎತ್ತಿನ್ ಮ್ಯಾಲೆ ಭಾಳ ಮನ್ಸಾಗದೆ ಕಣ್ರೀ ನಿಮ್ಗೆ!" ಎಂದ ಮುದುಕ.

"ಮಳೇಲಿ ಬಂದಿವ್ನಿ ಕಣಜ್ಜ, ನೆಂದದೆ ಅಷ್ಟೆಯ."

"ಮಳೆನೀರು ಈಗ ಹೊಸ್ದಾಗಿ ಇಳೀತದಾ?"

ಜಗಲಿಯವನು ಎದ್ದು ನಿಂತ. "ಆಗ್ದಿದ್ರೆ ಬುಡಿ ಅಣ್ಣಾ, ನಾನ್ ಕೈ ಕೊಡ್ತೀನಿ."

ಕೈ ಒಣಗಿರುವುದೇ ವ್ಯಾಪಾರಸ್ಥನ ಬಂಡವಾಳ. ಬೆವರಿದವನ ಆಸೆ ಎದುರಿಗಿರುವವನಿಗೆ ಗೊತ್ತಾಗಿ ಹೋಗುತ್ತದೆ. ಮುದುಕ ಒಂದು ಬೆರಳು ಜಾಸ್ತಿ ಒತ್ತಿದ, ಬಿಡಲೇ ಇಲ್ಲ. ಕೊನೆಗೆ ನಾನೇ ಒಪ್ಪಿದೆ. ಟವಲು ಕಿತ್ತರೆ ಮುಂಗೈ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದೆ!

"ಬೆವರಲ್ಲ ಕಣಜ್ಜ, ಈ ಹಾಳ್ ಕಪ್ಪೆ ಉಚ್ಚೆ! ಆ ಒಂದ್ ಬೆರಳು ವಾಪಸ್ ತಗಳಿ."

"ಟವಲು ನಿಮ್ದು, ಕಪ್ಪೆನೂ ನಿಮ್ದೇಯ. ನನ್ ಬೆರಳ್ಯಾಕ್ ಕೇಳ್ತೀರಿ?" ಮುದುಕ ನಕ್ಕೂ ನಕ್ಕೂ ಕೆಮ್ಮಿದ. "ಬೇಕಾದ್ರೆ ಎತ್ತಿನ್ ಜೊತ್ಗೆ ಅದ್ನೂ ಒಡ್ಕೊಂಡೋಗಿ!"

ಕೈ ಒದರಿದೆ, ಬೀಳಲಿಲ್ಲ. ಗೋಡೆಗೆ ಉಜ್ಜಿದ ಮೇಲೆ ಹಾರಿ ಸೀಬೆಗಿಡ ಸೇರಿತು. ಬೂದಿ ಹಾಕಿ ತೊಳೆದೆ, ಸೋಪು ಹಾಕಿ ತೊಳೆದೆ. ವ್ಯಾಪಾರ ಕುದುರಿದ ಮೇಲೆ ಆ ಮನೆಯಲ್ಲಿ ಉಣ್ಣದೆ ಬರುವ ಹಾಗಿಲ್ಲ. ಮುದ್ದೆ, ಬಸ್ಸಾರು ಇಟ್ಟರು. ಮುರಿದ ತುತ್ತು ಬೆರಳಲ್ಲಿ ಮೆತ್ತಗೆ, ನುಣ್ಣಗೆ ಜಾರಿತು ನೋಡಿ, ಬಾಯಿಗಿಡಲು ಆಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಎದ್ದೆ.

ನನ್ನ ಮಾತು ಕೇಳಿ: ಗಿಡದ ಮೇಲೆ ಟವಲು ಒಣಹಾಕಿದರೆ ಒದರದೆ ಕೈಗೆ ತೆಗೆದುಕೊಳ್ಳಬೇಡಿ. ವ್ಯಾಪಾರಕ್ಕಂತೂ ಬೇಡವೇ ಬೇಡ.

ಬಾಡಿಗೆ ಟೆಂಪೊಗೆ ಹತ್ತಿಸಿ ಮೂಗುದಾರ ಹಿಡಿದಾಗ ಎತ್ತು ಕತ್ತು ಚಾಚಿ ಅದೇ ಕೈಯನ್ನು ಮಣಿಕಟ್ಟಿನವರೆಗೂ ನೆಕ್ಕಿತು. ಅದಕ್ಕೇನೂ ಹೇಸಿಗೆಯಾದ ಹಾಗೆ ಕಾಣಲಿಲ್ಲ.