ಈರುಳ್ಳಿ ರಾಶಿಯ ಮುಂದೆ ಪ್ರಶ್ನೆಗಳ ಪರೀಕ್ಷೆ

ಬೆಳಗಿನ ಐದೂಮುಕ್ಕಾಲು. ಯಶವಂತಪುರದ ಈರುಳ್ಳಿ ಮಂಡಿಯೊಂದರಲ್ಲಿ ಮುನಿಗಂಗಮ್ಮ ಚೀಲ ಸುರಿದುಕೊಂಡು ಕೊಳೆತ ಗಡ್ಡೆ ಬೇರೆ ಮಾಡುತ್ತಿದ್ದಾರೆ. ಎದುರಿಗೆ ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ ಮಹತಿ ಪ್ರಶ್ನಾವಳಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಹೆಣ್ಣಾಳುಗಳ ಮೈಕೈ ನೋವಿನ ಬಗ್ಗೆ ಅವಳ ಸಂಶೋಧನೆ. ಹನ್ನೊಂದು ಗಂಟೆಯೊಳಗೆ ಪ್ರಶ್ನಾವಳಿಯನ್ನು ಕಾಲೇಜಿಗೆ ಒಪ್ಪಿಸದಿದ್ದರೆ ಒಂದು ವರ್ಷ ನೀರುಪಾಲು. ಮುನಿಗಂಗಮ್ಮ ಅದನ್ನು ಈಗಾಗಲೇ ಎರಡು ಸಲ ವಾಪಸ್ ಕಳಿಸಿದ್ದಾರೆ.

"ನಿಮಗೆ ಭುಜ ನೋವಿದೆಯೇ?" ಮಹತಿ ಓದುತ್ತಾಳೆ.

"ಇಲ್ಲ." ಮುನಿಗಂಗಮ್ಮ ತಲೆ ಎತ್ತುವುದೇ ಇಲ್ಲ. "ಇಲ್ಲ ಅಂತ ಬರ್ಕೊಂಡು ಓಗು. ಎಲ್ರೂ ಅಂಗೇ ಏಳ್ತಾರೆ. ಅಲ್ನೋಡು, ಮೇಸ್ತ್ರಿ ನಿಂತವ್ನೆ. ನೋವು ಅಂದ್ರೆ ನಾಳೆಯಿಂದ ಬರ್ಬೇಡ ಅಂತಾನೆ."

ಅಯ್ಯೋ, ಇಷ್ಟು ಸಣ್ಣ ವಿಷಯ ತನಗೇಕೆ ಹೊಳೆಯಲಿಲ್ಲ! ಮಹತಿಗೆ ಅಳುವೇ ಬರುತ್ತದೆ.

ಅಬ್ಬಿಗೆರೆಯ ಮುನಿಗಂಗಮ್ಮ ಓದಿದ್ದು ಮೂರನೇ ಕ್ಲಾಸು. ದಿನಕ್ಕೆ ಮೂವತ್ತು ಚೀಲ ಆಯುತ್ತಾರೆ, ತಾವೇ ಎಳೆದು ಒಟ್ಟುತ್ತಾರೆ. ಆರು ವರ್ಷದ ಹಿಂದೆ ಪ್ರಶ್ನೆ ಕೇಳಲು ಬಂದ ವಿದ್ಯಾರ್ಥಿಗಳನ್ನು ಚೆನ್ನಾಗಿ ಝಾಡಿಸಿ ಕಳಿಸಿದ್ದರು. ಅವರ ಅಧ್ಯಾಪಕಿ ಶಾಂತಲಾ ಮಾರನೇ ದಿನ ಒಬ್ಬರೇ ಬಂದು, "ಕೇಳೋದು ಹೇಗೆ ಅಂತ ನಮ್ಮ ಮಕ್ಕಳಿಗೆ ನೀವೇ ಹೇಳ್ಕೊಡಿ" ಎಂದರು. ಮುನಿಗಂಗಮ್ಮನ ಮುಂದೆ ಪಾಸಾಗದ ಪ್ರಶ್ನಾವಳಿಗೆ ಶಾಂತಲಾ ಇಂದಿಗೂ ಸಹಿ ಹಾಕುವುದಿಲ್ಲ. ಇದುವರೆಗೆ ಬಂದದ್ದು ನಲವತ್ತೊಂದು, ಮೊದಲ ಸಲಕ್ಕೇ ಗೆದ್ದದ್ದು ಮೂರೇ ಮೂರು.

ಮೇಸ್ತ್ರಿ ಸುಬ್ರಮಣಿ ಇತ್ತಲೇ ಬರುತ್ತಾನೆ. "ಏನಮ್ಮಾ, ಆಗ್ಲಿಂದ ಏನ್ ಕೇಳ್ತಿದೀಯಾ?"

ಮಹತಿ ಹಾಳೆ ಮಡಚಿ, ಬಾಯಿಗೆ ಬಂದದ್ದನ್ನೇ ಕೇಳಿಬಿಡುತ್ತಾಳೆ: "ಅಮ್ಮ, ನೀವು ರಾತ್ರಿ ಯಾವ ಮಗ್ಗುಲಲ್ಲಿ ಮಲಗ್ತೀರಾ?"

"ಇದನ್ನ ಕೇಳೋಕೆ ಕಾಲೇಜು ಬೇರೆ!" ಮೇಸ್ತ್ರಿ ನಗುತ್ತಾ ಲಾರಿಯ ಕಡೆ ಹೊರಟುಹೋಗುತ್ತಾನೆ.

ಮುನಿಗಂಗಮ್ಮನ ಕೈ ನಿಂತುಬಿಟ್ಟಿದೆ. ಅವನು ಮರೆಯಾಗುವವರೆಗೂ ಕಾಯುತ್ತಾರೆ.

"ಯಾವ ಮಗ್ಗುಲಿಗೂ ಆಗಕಿಲ್ಲ ಕಣಮ್ಮ. ಎರಡು ವರ್ಸದಿಂದ ಗೋಡೆಗೆ ಒರಗಿ ಕೂತ್ಕಂಡೇ ನಿದ್ದೆ." ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಭುಜದ ಪ್ರಶ್ನೆ ತೆಗ್ದು ಇದ್ನೇ ಬರ್ಕೊ. ಪಾಸು. ಓಗು, ಒತ್ತಾಯ್ತು."

ಪತ್ರಿಕೆಯ ಈ ಪುಟಕ್ಕೆ ಫೋಟೊ ತೆಗೆಯಲು ಮುನಿಗಂಗಮ್ಮ ಬಿಡಲಿಲ್ಲ. ಮಂಡಿ ಯಾವುದೆಂದು ಬರೆಯಕೂಡದು, ಊರು, ಎಲ್ಲರ ಹೆಸರು ಬದಲಿಸಬೇಕು ಎಂದರು. ನಿಮಗೇನು ಹೆಸರಿಡುವುದು ಎಂದು ಕೇಳಿದಾಗ ಮಾತ್ರ ನಕ್ಕರು.

"ಮುನಿಗಂಗಮ್ಮ ಅಂತ ಆಕಿ. ನಮ್ಮತ್ತೆ ಎಸ್ರು. ಸತ್ತು ಇಪ್ಪತ್ತು ವರ್ಸ ಆಯ್ತು, ಅವ್ಳನ್ನ ಯಾವ ಮೇಸ್ತ್ರಿ ಕೆಲ್ಸದಿಂದ ತೆಗೀತಾನೆ?"