ಸೊನ್ನೆಯಲ್ಲಿ ಮುಗಿಯದ ದರ

ನಗರ್ತಪೇಟೆಯ ಹಿತ್ತಾಳೆ ಪಾತ್ರೆ ಅಂಗಡಿಯವರಿಗೆ ವೆಬ್‌ಸೈಟ್ ಬೇಕಿತ್ತು. ಪೇಟೆಯವರು ಚೌಕಾಸಿಗೆ ನಿಂತರೆ ಬಿಡುವವರಲ್ಲ ಅಂತ ದಾರಿಯುದ್ದಕ್ಕೂ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ.

"ಎಷ್ಟಾಗತ್ತಮ್ಮಾ?" ಅಂದರು ಯಜಮಾನರು.

"ಮೂವತ್ತು ಸಾವಿರ ಸರ್. ಒಂದು ರೂಪಾಯಿನೂ ಕಮ್ಮಿ ಮಾಡಲ್ಲ."

ಅವರು ಹುಬ್ಬು ಗಂಟಿಕ್ಕಿದರು. "ಸೊನ್ನೇಲಿ ಮುಗಿಸ್ಬಾರ್ದಮ್ಮಾ, ಒಳ್ಳೇದಲ್ಲ. ಮೂವತ್ತು ಸಾವಿರದ ಒಂದು ರೂಪಾಯಿ ಇಟ್ಕೊಳಮ್ಮಾ," ಅಂತ ಕಾಫಿ ತರಿಸಿದರು.

ಗೆದ್ದೆ ಅಂತ ಬೀಗುತ್ತಾ ಕುಡಿದೆ. ಲೋಟ ಖಾಲಿಯಾಗುವಷ್ಟರಲ್ಲಿ ಹೊಳೆಯಿತು: ಪೇಟೆಯಲ್ಲಿ ಚೌಕಾಸಿ ಮಾಡದೆ ಒಪ್ಪಿಕೊಂಡರೆಂದರೆ ನಾನೇ ಕಮ್ಮಿ ಕೇಳಿದ್ದೇನೆ.

ಆಮೇಲೆ ಪಕ್ಕದ ರೇಷ್ಮೆ ಸೀರೆ ಅಂಗಡಿಯವರೂ ಕರೆದಾಗ, ಧೈರ್ಯವಾಗಿ "ಅರವತ್ತು ಸಾವಿರದ ಒಂದು" ಅಂದೆ. ಅವರು ಮಧ್ಯಾಹ್ನವೆಲ್ಲಾ ಚೌಕಾಸಿ ಮಾಡಿದರು. ಆ ಒಂದು ರೂಪಾಯಿಯನ್ನು ಮಾತ್ರ ಮುಟ್ಟಲಿಲ್ಲ.